ನಡುರಸ್ತೆಯಲ್ಲಿ ಹೂಡಿದ ಡೇರೆ

ನಮ್ಮತ್ತೆ ವಿಗಾತಿ ಸೈಕಲ್ಲನ್ನು ಹೊರಗೆ ತೆಗೆದು ಚೈನಿಗೆ ಎಣ್ಣೆ ಬಿಡತೊಡಗಿದರೆ ಮನೆಯ ಗಂಡಸರು ಒಬ್ಬೊಬ್ಬರಾಗಿ ಹಿತ್ತಿಲ ಕಡೆ ಜಾರಿಕೊಳ್ಳುವುದು ವಾಡಿಕೆ. ಹೈಸ್ಕೂಲಿನಲ್ಲಿ ಪೀಟಿ ಟೀಚರಾಗಿ ಸವೆದು ನಿವೃತ್ತರಾದ ಹೆಂಗಸು ಅವರು. ಸವೆದದ್ದು ಅವಳಲ್ಲ, ಶಾಲೆ ಎಂದು ಮಾವ ಹೇಳುತ್ತಾರೆ. ಪ್ರತಿ ಒಣಗಾಲದಲ್ಲೂ ಗಂಡ ಹೆಂಡತಿ ಇಬ್ಬರೇ ಡೇರೆ ಕಟ್ಟಿಕೊಂಡು, ನಮ್ಮ ಕ್ಲಾತೆನ್ ಪೇಟೆಯಿಂದ ಪಚಿತಾನಿನ ಸಮುದ್ರದವರೆಗೆ ಗುಡ್ಡಗಾಡಿನ ದಾರಿಯಲ್ಲಿ ಸೈಕಲ್ಲು ತುಳಿದು ಹೋಗಿ ಬರುತ್ತಿದ್ದರು. ಈ ಸಲ ಮಾವನ ಮೊಣಕಾಲು ಊದಿಕೊಂಡಿತು. ಅವರ ಜಾಗಕ್ಕೆ ನನ್ನ ಹೆಂಡತಿ ಹನಿಂಗ್ ನನ್ನ ಹೆಸರು ಹೇಳಿದಳು. ಮದುವೆಯಾಗಿ ಇಷ್ಟು ವರ್ಷಗಳಾದರೂ ಅತ್ತೆಯ ಎದುರು ನಾನು ಪೂರ್ತಿ ಒಂದು ವಾಕ್ಯ ಆಡಿದ್ದಿಲ್ಲ. ಜೆರಾಕ್ಸ್ ಅಂಗಡಿ ಇಟ್ಟವನು ನಾನು, ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ನಿಲ್ಲುವುದು ನನ್ನ ಕಸುಬು. ಇಂಥ ಅಳಿಯನನ್ನು ಗುಡ್ಡ ಹತ್ತಿಸಲು ಕರೆದೊಯ್ಯುವುದೆಂದರೆ ಕಲ್ಲಂಗಡಿಗೆ ಮರ ಹತ್ತಲು ಕಲಿಸಿದ ಹಾಗೆ ಎಂದು ಅತ್ತೆ ಎಲ್ಲರ ಎದುರೇ ಅಂದರು. ಆದರೂ ಕರೆದುಕೊಂಡು ಹೊರಟರು.

ಮೂರನೆಯ ದಿನ ಬೆಳಗ್ಗೆ ನಾವು ಏಳುವಾಗ ಗಜಮುಂಗ್ಕುರ್ ಜಲಾಶಯದ ದಂಡೆಯಲ್ಲಿದ್ದೆವು. ನೀರು ಹಿಂದೆ ಸರಿದ ಕಡೆಯಲ್ಲೆಲ್ಲ ರೈತರು ಶೇಂಗಾ ಹಾಕಿದ್ದರು, ಅದರ ಅಂಚಿನಲ್ಲಿ ನಮ್ಮ ಡೇರೆ. ಅತ್ತೆ ಆಗಲೇ ಸ್ಪಿರಿಟ್ ಒಲೆಯ ಮೇಲೆ ಕಾಫಿ ಕುದಿಸಿ, ತಮ್ಮ ಪಾಲಿನ ಸಾಮಾನೆಲ್ಲ ಬದಿಚೀಲಗಳಿಗೆ ತುಂಬಿ, ನಾನು ಡೇರೆ ಮಡಚುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದರು. ನಾನು ಮಡಚಿದ್ದನ್ನು ಬಿಚ್ಚಿ ತಾವೇ ಮತ್ತೆ ಮಡಚಿದರು. ಬೈದಿದ್ದರೆ ವಾಸಿಯಿತ್ತು.

ದಕ್ಷಿಣಕ್ಕೆ ಹೊರಟ ಮೇಲೆ ಹೊತ್ತೇರುವವರೆಗೂ ದಾರಿ ಸೊಗಸಾಗಿತ್ತು. ತೇಗದ ತೋಪುಗಳು ಎಲೆ ಉದುರಿಸಿ ನಿಂತಿದ್ದವು, ಉದುರಿದ ಎಲೆಯ ಮೇಲೆ ಚಕ್ರ ಹೋದರೆ ಹಪ್ಪಳ ಮುರಿದಂಥ ಸದ್ದು. ಮರಗೆಣಸಿನ ಹೋಳುಗಳನ್ನು ಮನೆಗಳ ಅಂಗಳದಲ್ಲಿ ಬಿಳಿಬಿಳಿಯಾಗಿ ಹರವಿದ್ದರು. ಎಲ್ಲಿಗೆ ಎಂದು ಕೇಳುವವರಿಗೆಲ್ಲ ಅತ್ತೆ ಕಾಲು ನಿಲ್ಲಿಸದೆ "ಸಮುದ್ರಕ್ಕೆ" ಅನ್ನುತ್ತಿದ್ದರು. ಹಿಂದೆ ಬರುತ್ತಿರುವ ನಾನು ಯಾರು ಎಂದು ಕೇಳಿದವರಿಗೆ "ಸಾಮಾನು" ಅಂದದ್ದನ್ನೂ ನಾನು ಕೇಳಿಸಿಕೊಂಡೆ. ಆದರೆ ಆ ಹೊತ್ತಿಗೆ ನನಗೆ ಉಸಿರಾಡುವುದೇ ದೊಡ್ಡ ಕೆಲಸವಾಗಿದ್ದರಿಂದ ಅವಮಾನ ಪಟ್ಟುಕೊಳ್ಳಲು ಪುರುಸೊತ್ತಿರಲಿಲ್ಲ.

ಗುಡ್ಡದ ಬುಡ ಹತ್ತಿರವಾದಂತೆ ದಾರಿಯ ಚಹರೆ ಬದಲಾಯಿತು. ಡಾಂಬರು ಹೊಂಡ ಬಿದ್ದಿತ್ತು, ಅಂಚು ಕಚ್ಚಿ ತಿಂದ ರೊಟ್ಟಿಯ ಹಾಗಿತ್ತು. ಇಕ್ಕೆಲದ ಬಾಳೆ, ಬೇಲಿ, ಮನೆಗಳ ಹೆಂಚು, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೂ ಬೂದು ಪುಡಿ. ಅಲ್ಲೊಂದು ತಟ್ಟಿ ಹೋಟೆಲಿನಲ್ಲಿ ಸೊಪ್ಪಿಗೆ ಶೇಂಗಾ ಚಟ್ನಿ ಸುರಿದ ಅನ್ನ ತಿನ್ನಲು ಕೂತೆವು. ಅನ್ನದ ಪಾತ್ರೆಯಿಂದ ಹಿಡಿದು ಉಪ್ಪಿನ ಡಬ್ಬಿಯವರೆಗೆ ಪ್ರತಿಯೊಂದಕ್ಕೂ ಒದ್ದೆ ಬಟ್ಟೆ ಹೊದಿಸಿದ್ದರು. ನಾವು ಕೂತಷ್ಟು ಹೊತ್ತಿನಲ್ಲಿ ಕಲ್ಲು ತುಂಬಿದ ಲಾರಿಗಳು ಒಂದರ ಬಾಲ ಹಿಡಿದು ಇನ್ನೊಂದು ಹೋಗುತ್ತಲೇ ಇದ್ದವು. ಪ್ರತಿ ಲಾರಿಗೂ ಹೋಟೆಲಿನಾಕೆ ಕೈಯಲ್ಲಿದ್ದ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಳ್ಳುವಳು, ಲಾರಿ ಹೋದ ಮೇಲೆ ತೆಗೆಯುವಳು. ಅವಳಿಗೆ ಅದು ಕಣ್ಣೆವೆ ಬಡಿದಷ್ಟೇ ಸಹಜವಾಗಿಬಿಟ್ಟಿತ್ತು. ಹಿಂದೆಂದೂ ಹೀಗಿರಲಿಲ್ಲವಲ್ಲ ಎಂದು ಅತ್ತೆ ಕೇಳಿದರು. ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಗುಡ್ಡದ ಬುಡದಲ್ಲಿ ಕಲ್ಲುಕ್ವಾರಿ ಶುರುವಾಯಿತು, ಕರಾವಳಿಯ ಹೊಸ ರಸ್ತೆಗೆ ಈ ಕಲ್ಲೇ ಹೋಗುತ್ತದೆ, ನಡುವೆ ಇದೊಂದೇ ದಾರಿ ಎಂದಳಾಕೆ. ಯಾರಿಗೂ ಹೇಳಲಿಲ್ಲವೇ ಎಂದರೆ, ಹೇಳದೆ ಯಾರನ್ನು ಬಿಟ್ಟಿದ್ದೇವೆ ಎಂದು ನಕ್ಕಳು. ಆ ನಗು ಅತ್ತೆಗೆ ಹಿಡಿಸಲಿಲ್ಲ. ಅವರು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಏರು ಶುರುವಾಗುವ ಮೊದಲಿನ ತಗ್ಗಿನಲ್ಲಿ ಒಂದು ಕಿರಿದಾದ ಮೋರಿ ಇದೆ. ಅತ್ತೆ ಅದನ್ನು ದಾಟಿದ್ದರು. ನಾನು ಮೋರಿಯ ಮೇಲೆ ಇದ್ದಾಗ ಹಿಂದಿನಿಂದ ಹಾರನ್ನು ಕೇಳಿಸಿತು. ಒಮ್ಮೆಯಲ್ಲ, ಬಿಡದೆ ಒತ್ತಿ ಹಿಡಿದ ಹಾರನ್ನು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ, ಎಡಕ್ಕೆ ಮೋರಿಯ ಕಟ್ಟೆ, ಬಲಕ್ಕೆ ಕಲ್ಲಿನ ಗೋಡೆಯಂತೆ ಬರುತ್ತಿರುವ ಲಾರಿ. ವೇಗ ಒಂದಿಷ್ಟೂ ತಗ್ಗಲಿಲ್ಲ. ಬದಿಚೀಲಕ್ಕೆ ಏನೋ ತಾಗಿದ್ದಷ್ಟೇ ಗೊತ್ತು. ಮುಂದಿನ ಗಳಿಗೆಯಲ್ಲಿ ನಾನು ಚರಂಡಿಯೊಳಗೆ ಬಿದ್ದಿದ್ದೆ, ಸೈಕಲ್ಲು ನನ್ನ ಮೇಲಿತ್ತು, ಬಾಯಿತುಂಬ ಮಣ್ಣು.

ಅತ್ತೆ ಓಡಿ ಬಂದರು. ಸೈಕಲ್ಲು ಎತ್ತಿ ಆಚೆಗಿಟ್ಟು, ನನ್ನ ಗದ್ದ ಹಿಡಿದು ಮುಖ ಆ ಕಡೆ ಈ ಕಡೆ ತಿರುಗಿಸಿದರು. ಕೈಕಾಲು ಆಡಿಸಿ ತೋರಿಸು ಎಂದರು. ಆಡಿಸಿದೆ. ಮೊಣಕೈ ತರಚಿಹೋಗಿತ್ತು, ಅಷ್ಟೇ. ಮುಂದಿನ ಚಕ್ರ ಮಾತ್ರ ಎಂಟರ ಆಕಾರಕ್ಕೆ ತಿರುಚಿಕೊಂಡು ಕಡ್ಡಿಗಳು ಮುಳ್ಳುಹಂದಿಯಂತೆ ನಿಂತಿದ್ದವು. ಅತ್ತೆ ಚಕ್ರ ನೋಡಿದರು, ನನ್ನನ್ನು ನೋಡಿದರು, ಏರು ಹತ್ತುತ್ತಿದ್ದ ಲಾರಿಯನ್ನು ನೋಡಿದರು. ತಮ್ಮ ಸೈಕಲ್ಲಿನಿಂದ ಬದಿಚೀಲಗಳನ್ನು ಕಳಚಿ ನನ್ನ ಕಾಲ ಬಳಿ ಎಸೆದರು.

"ನಿಧಾನಕ್ಕೆ ಬಾ. ನಾನು ಅವನನ್ನ ನಿಲ್ಲಿಸ್ತೀನಿ," ಎಂದರು.

ಐವತ್ತೆಂಟರ ಹೆಂಗಸು ಸೈಕಲ್ಲಿನಲ್ಲಿ ಲಾರಿಯನ್ನು ಹಿಡಿಯುವುದೆಂದರೆ ಕೇಳಿದವರು ನಗುತ್ತಾರೆ. ಆದರೆ ಆ ಏರನ್ನು ಬಲ್ಲವರು ನಗುವುದಿಲ್ಲ. ಕಲ್ಲು ಹೇರಿದ ಲಾರಿ ಅಲ್ಲಿ ಮೊದಲನೇ ಗೇರಿನಲ್ಲಿ ನರಳುತ್ತ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೋಗುತ್ತದೆ. ನಮ್ಮತ್ತೆಯ ವೇಗವೂ ಹೆಚ್ಚುಕಡಿಮೆ ಅಷ್ಟೇ. ಕೆಳಗೆ ಕುಂಟುವ ಸೈಕಲ್ಲನ್ನು ತಳ್ಳುತ್ತಿದ್ದ ನನಗೆ ಮೇಲಿನ ತಿರುವುಗಳೆಲ್ಲ ಕಾಣುತ್ತಿದ್ದವು. ಮೇಲಿನ ತಿರುವಿನಲ್ಲಿ ಹೊಗೆ ಕಾರುವ ಲಾರಿ, ಅದರ ಕೆಳಗಿನ ತಿರುವಿನಲ್ಲಿ ಬಾಗಿದ ಬೆನ್ನಿನ, ಹಸಿರು ಟೋಪಿಯ ಒಂದು ಚುಕ್ಕೆ. ಲಾರಿ ಇನ್ನೊಂದು ತಿರುವು ಹತ್ತಿದರೆ ಚುಕ್ಕೆಯೂ ಒಂದು ಹತ್ತುವುದು. ಇಬ್ಬರ ನಡುವಿನ ದೂರ ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ನನಗೆ ಆಗ ಗಾಬರಿ ಹುಟ್ಟಿದ್ದು ಲಾರಿಯವನ ಪರವಾಗಿ.

ಆಡಿಗೆ ಹುಲ್ಲು ಒಯ್ಯುತ್ತಿದ್ದ ಒಂದು ಪಿಕಪ್ ವ್ಯಾನಿನವನು ನನ್ನ ಅವಸ್ಥೆ ನೋಡಿ ನಿಲ್ಲಿಸಿದ. ಸೈಕಲ್ಲು, ಚೀಲಗಳು, ನಾನು ಎಲ್ಲರೂ ಹುಲ್ಲಿನ ಹೊರೆಯ ಮೇಲೇರಿದೆವು. ಗುಡ್ಡದ ನೆತ್ತಿಗೆ ಸ್ವಲ್ಪ ಮೊದಲು ಒಂದು ನೀರಿನ ಒರತೆ ಇದೆ. ಆ ಸುಣ್ಣಕಲ್ಲಿನ ಸೀಮೆಯಲ್ಲಿ ಒಣಗಾಲಕ್ಕೂ ಬತ್ತದ ಒರತೆ ಅದೊಂದೇ. ಬಿದಿರಿನ ದೋಣಿಯಿಂದ ನೀರು ಸಣ್ಣಗೆ ಬೀಳುತ್ತದೆ, ಊರ ಹೆಂಗಸರು ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ನಾವು ತಲುಪಿದಾಗ ಆ ಸಾಲಿನ ಹೆಂಗಸರು ಕೊಡಗಳನ್ನು ಕೆಳಗಿಟ್ಟು ಬೇರೆಯದನ್ನು ನೋಡುತ್ತಿದ್ದರು. ಕುದಿಯುವ ರೇಡಿಯೇಟರಿಗೆ ನೀರು ಹಾಕಲು ಲಾರಿ ಅಲ್ಲಿ ನಿಂತಿತ್ತು. ಅದರ ಮುಂದೆ, ಬಂಪರಿನ ಎರಡೂ ಮೂಲೆಗೆ ಅಡ್ಡವಾಗಿ ಸೈಕಲ್ಲು ಮಲಗಿಸಿ, ಬೆವರಿನಿಂದ ತೊಯ್ದು ತೊಪ್ಪೆಯಾದ ನಮ್ಮತ್ತೆ ನಿಂತಿದ್ದರು. ಅವರಿಗೆ ಮಾತಾಡುವಷ್ಟು ಉಸಿರು ಇನ್ನೂ ಬಂದಿರಲಿಲ್ಲ. ಡ್ರೈವರು ಕೈಯಲ್ಲಿ ಬಕೆಟ್ಟು ಹಿಡಿದು, ಅವರಿಗೆ ಉಸಿರು ಬರಲಿ ಎಂದು ಕಾಯುತ್ತಿದ್ದ.

ಅವನ ಹೆಸರು ಙಾದಿ ಎಂದು ಆಮೇಲೆ ಗೊತ್ತಾಯಿತು. ನನಗಿಂತ ಚಿಕ್ಕವನು, ಕಾಲಲ್ಲಿ ಹವಾಯಿ ಚಪ್ಪಲಿ, ಕಣ್ಣಿನ ರೆಪ್ಪೆಯ ಮೇಲೂ ಕಲ್ಲಿನ ಪುಡಿ. ನಾನು ವ್ಯಾನಿನಿಂದ ಇಳಿದು ಬಂದದ್ದನ್ನು ನೋಡಿ ಅವನ ಮುಖ ಸಡಿಲವಾಯಿತು. ಜೀವಂತವಾಗಿದ್ದಾರಲ್ಲ ಎಂದು ತನಗೆ ತಾನೇ ಎಂಬಂತೆ ಅಂದ.

ಅತ್ತೆ ಕೇಳಿದರು, "ನೋಡ್ಲಿಲ್ಲವೇನಪ್ಪಾ ನೀನು? ಇಷ್ಟು ದೊಡ್ಡ ಮನುಷ್ಯ ಕಾಣಿಸ್ಲಿಲ್ಲವಾ?"

ನಾನು ನಿರೀಕ್ಷಿಸಿದ್ದು ಇಲ್ಲ ಎಂಬ ಉತ್ತರ. ಅದೇ ಎಲ್ಲರೂ ಹೇಳುವ ಉತ್ತರ. ಅವನು ಬಕೆಟ್ಟನ್ನು ಕೆಳಗಿಟ್ಟ.

"ನೋಡ್ದೆ, ಬು," ಎಂದ, ಅಮ್ಮ ಎನ್ನುವ ಮರ್ಯಾದೆಯಲ್ಲಿ. "ಚೆನ್ನಾಗೇ ನೋಡ್ದೆ. ಬ್ರೇಕು ಹಾಕಿದ್ರೆ ಈ ಲೋಡಿಗೆ ಏರು ಹತ್ತೋದಿಲ್ಲ, ಹಿಂದಕ್ಕೆ ಜಾರ್ತದೆ. ಹಿಂದೆ ಇನ್ನೆರಡು ಗಾಡಿ ಇದ್ವು. ಅದಕ್ಕೇ ಹಾರನ್ನು ಹೊಡೀತಾ ಬಂದೆ."

ಅತ್ತೆ ಅವನ ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡೆ. ಸಾಲಿನಲ್ಲಿದ್ದ ಹೆಂಗಸರೂ ಹಾಗೇ ಅಂದುಕೊಂಡರೆಂದು ಕಾಣುತ್ತದೆ, ಒಬ್ಬಳು ಮೆಲ್ಲಗೆ ಹಿಂದೆ ಸರಿದಳು. ಅತ್ತೆ ಹೊಡೆಯಲಿಲ್ಲ. ಲಾರಿಯ ಸುತ್ತ ಒಂದು ಸುತ್ತು ಬಂದರು. ಲಾರಿಯ ಮೈಗೆ ಇರಬೇಕಾದ ಎತ್ತರದ ಮೇಲೆ, ಅಷ್ಟೇ ಎತ್ತರಕ್ಕೆ ಮತ್ತೆ ಹಲಗೆ ಬಡಿದು, ಅದರ ತುದಿಯನ್ನೂ ಮೀರಿ ಕಲ್ಲು ತುಂಬಿದ್ದರು. ಹಲಗೆ ಬಡಿದವರು ಯಾರು ಎಂದು ಕೇಳಿದರು. ಕ್ವಾರಿಯವರು, ಹಲಗೆ ಇಲ್ಲದ ಗಾಡಿಗೆ ಕಲ್ಲೇ ಹಾಕುವುದಿಲ್ಲ ಎಂದ. ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತದೆಯೇ ಎಂದು ಕೇಳಿದರು. ಅವನು ಹೆಂಗಸರ ಕಡೆ ನೋಡಿದ. ಸಾಲಿನಲ್ಲಿದ್ದವಳೊಬ್ಬಳು ಅವನ ಬದಲಿಗೆ ಉತ್ತರ ಕೊಟ್ಟಳು. ಗುಡ್ಡದಾಚೆಯ ಇಳಿಜಾರಿನಲ್ಲಿ ತಮ್ಮ ಊರು ವಾತುಗೆದೆ. ಆಡಿಗೆ ಹುಲ್ಲು ತರಲು ಸೈಕಲ್ಲಿನಲ್ಲಿ ಹೋಗಿದ್ದ ಅಜ್ಜ ಕರ್ಸೊರೆಜೊ ಮಳೆಗಾಲದ ಕೊನೆಯಲ್ಲಿ ಊರ ಮುಂದೆಯೇ ಇಂಥದೊಂದು ಲಾರಿಯ ಕೆಳಗೆ ಸತ್ತರು. ಆ ಡ್ರೈವರೂ ಕೆಟ್ಟವನಲ್ಲ, ಬ್ರೇಕು ಹಿಡಿಯಲಿಲ್ಲ, ಇಳಿದು ಬಂದು ಅಜ್ಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ ಎಂದಳು. ಅವಳು ಅದನ್ನು ಹೇಳಿದ್ದು ಹೋಟೆಲಿನಾಕೆ ತಟ್ಟೆ ಮುಚ್ಚಿದ ಹಾಗೆಯೇ, ಒಗ್ಗಿಹೋದ ದನಿಯಲ್ಲಿ.

ಅತ್ತೆಯ ಮುಖದ ಕೆಂಪು ಇಳಿಯಿತು, ಬಿಳಚಿಕೊಂಡಿತು. ನನಗೆ ಕೆಂಪಿನ ಪರಿಚಯವಿತ್ತು, ಈ ಬಿಳುಪಿನ ಪರಿಚಯವಿರಲಿಲ್ಲ.

ಙಾದಿ ನನ್ನನ್ನೂ ನನ್ನ ಸೈಕಲ್ಲನ್ನೂ ಲಾರಿಯಲ್ಲಿ ಕೂರಿಸಿಕೊಂಡು ವಾತುಗೆದೆಯವರೆಗೆ ಬಿಡುತ್ತೇನೆ ಎಂದ. ಅತ್ತೆ ತಾವು ಆ ಗಾಡಿ ಹತ್ತುವುದಿಲ್ಲ ಎಂದು ಮುಂದೆ ಸೈಕಲ್ಲು ಬಿಟ್ಟುಕೊಂಡು ಹೊರಟರು. ನೆತ್ತಿ ದಾಟಿ ಇಳಿಯುವಾಗ ನಾನು ಅವನ ಪಾದಗಳನ್ನೇ ನೋಡುತ್ತಿದ್ದೆ. ಬ್ರೇಕನ್ನು ಅವನು ತುಳಿಯುತ್ತಿರಲಿಲ್ಲ, ಬೇಡಿಕೊಳ್ಳುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಪ್ರತಿ ಇಳಿಜಾರಿಗೂ ಹೀಗೇ ಪ್ರಾರ್ಥನೆ ಮಾಡ್ತೀಯಾ ಎಂದು ಕೇಳಿದೆ. ಖಾಲಿ ಗಾಡಿಯಲ್ಲಿ ಹಿಂದಿರುಗುವಾಗ ಮಾಡೋದಿಲ್ಲ, ಮಾಸ್ ಎಂದ, ಅಣ್ಣ ಎನ್ನುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಚರಂಡಿಗೆ ಬಿದ್ದಾಗಲೂ ಬಾರದ ಸಿಟ್ಟು ಅದು. ಒಬ್ಬ ಮನುಷ್ಯನನ್ನು ದಿನವೂ ಸಾವಿನ ಹೆಗಲ ಮೇಲೆ ಕೂರಿಸಿ ಗುಡ್ಡ ಇಳಿಸುವವರು, ತಾವು ಮಾತ್ರ ಕೆಳಗೆ ಎಲ್ಲೋ ಫ್ಯಾನಿನಡಿ ಕೂತಿರುತ್ತಾರೆ.

ವಾತುಗೆದೆಯಲ್ಲಿ ರಸ್ತೆ ಸ್ವಲ್ಪ ದೂರ ಸಮತಟ್ಟಾಗುತ್ತದೆ. ಅಲ್ಲೇ ಊರ ಸಭಾಂಗಣ, ಪಕ್ಕದಲ್ಲಿ ಊರ ಮುಖ್ಯಸ್ಥರ ಮನೆ. ಸೈಕಲ್ಲಿನವರು ಯಾವ ಊರಿಗೆ ಹೋದರೂ ಮೊದಲು ಮುಖ್ಯಸ್ಥರನ್ನು ಕಂಡು ರಾತ್ರಿ ತಂಗಲು ಅಪ್ಪಣೆ ಕೇಳುವುದು ರೂಢಿ. ಮುಖ್ಯಸ್ಥರು ಸಂಭಾವಿತರು, ಹೆಸರು ಸುಮಾರ್ಜೊ. ಬಿಸಿ ಚಹಾ ಕೊಟ್ಟರು, ಹುರಿದ ಮರಗೆಣಸು ಕೊಟ್ಟರು, ನನ್ನ ಮೊಣಕೈಗೆ ಹಚ್ಚಲು ಔಷಧಿ ತರಿಸಿದರು. ಅತ್ತೆ ಲಾರಿಗಳ ಮಾತು ತೆಗೆದರು. ಅವರು ನಿಟ್ಟುಸಿರು ಬಿಟ್ಟು, ಮೇಲಿನವರಿಗೆ ಬರೆದಿದ್ದೇನೆ, ಬರುತ್ತೇವೆ ಎಂದಿದ್ದಾರೆ, ತಾಳ್ಮೆ ಬೇಕು ಎಂದರು. ಅತ್ತೆ ಸತ್ತ ಅಜ್ಜನ ಮಾತು ತೆಗೆದರು. ಆಯುಸ್ಸು ಯಾರ ಕೈಲಿದೆ ಎಂದರು ಮುಖ್ಯಸ್ಥರು. ಮಾತು ಬದಲಿಸುವ ಅವಸರದಲ್ಲಿ, ನಮ್ಮ ಡೇರೆಯ ಗಂಟನ್ನು ನೋಡಿ ಪ್ರೀತಿಯಿಂದಲೇ ಅಂದರು:

"ನಮ್ಮೂರಲ್ಲಿ ಎಲ್ಲಿ ಬೇಕಾದ್ರೂ ಡೇರೆ ಹಾಕ್ಕೊಳ್ಳಿ, ಬು. ನಿಮ್ಮದೇ ಊರು ಅಂದ್ಕೊಳ್ಳಿ."

"ಎಲ್ಲಿ ಬೇಕಾದ್ರೂ?"

"ಓಹೋ. ನಿಮ್ಮನ್ನ ಯಾರೂ ಏನೂ ಕೇಳೋದಿಲ್ಲ."

ಅತ್ತೆ ಎರಡೂ ಕೈ ಜೋಡಿಸಿ ವಂದಿಸಿ ಎದ್ದರು. ಸಭಾಂಗಣದ ಹುಲ್ಲು ಹಾಸಿನ ಕಡೆಗೆ ಹೋಗುತ್ತಾರೆ ಎಂದು ನಾನು ಚೀಲ ಎತ್ತಿಕೊಂಡು ಹಿಂದೆ ನಡೆದೆ. ಅವರು ಹುಲ್ಲು ದಾಟಿದರು, ಗೇಟು ದಾಟಿದರು, ರಸ್ತೆಯ ನಟ್ಟನಡುವೆ ಹೋಗಿ ನಿಂತು, ಅಲ್ಲೇ ಡೇರೆಯ ಗಂಟನ್ನು ಬಿಚ್ಚಿ ಕೊಡವಿದರು.

ಡಾಂಬರಿಗೆ ಗೂಟ ಇಳಿಯುವುದಿಲ್ಲ. ಲಾರಿಗಳಿಂದ ಉದುರಿ ರಸ್ತೆಯಂಚಿನಲ್ಲಿ ಬಿದ್ದಿದ್ದ ಕಲ್ಲುಗಳಿಗೆ ಹಗ್ಗ ಕಟ್ಟೋಣ ಎಂದೆ. ಇಡೀ ಪ್ರಯಾಣದಲ್ಲಿ ನಾನು ಕೊಟ್ಟ ಮೊದಲ ಸಲಹೆ. ಅತ್ತೆ ತಲೆಯಾಡಿಸಿದರು. ನಾಲ್ಕು ಕಲ್ಲು ಹೊತ್ತು ತಂದೆ, ಡೇರೆ ನೆಟ್ಟಗೆ ನಿಂತಿತು. ಮನೆಗೆ ಹೋದ ಮೇಲೆ ಹನಿಂಗ್‌ಗೆ ಏನು ಹೇಳುವುದು ಎಂಬ ಯೋಚನೆ ಬಂತು. ಆಮೇಲೆ, ಮನೆಗೆ ಹೋಗುವುದು ಉಂಟೇ ಎಂಬ ಯೋಚನೆಯೂ ಬಂತು. ಅತ್ತೆ ಡೇರೆಯ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸ್ಪಿರಿಟ್ ಒಲೆ ಹಚ್ಚಿದರು. ನಾನೂ ಪಕ್ಕದಲ್ಲಿ ಕೂತೆ.

ಮೊದಲು ಬಂದು ನಿಂತದ್ದು ಙಾದಿಯ ಲಾರಿಯೇ, ಊರಂಚಿನಲ್ಲಿ ಚಕ್ರ ತಣಿಸಿಕೊಂಡು ಮುಂದೆ ಹೊರಟಿದ್ದವನು. ಡೇರೆ ನೋಡಿದ. ಹಾರನ್ನು ಹೊಡೆಯಲಿಲ್ಲ. ಇಂಜಿನ್ನು ಆರಿಸಿ, ಸ್ಟೀರಿಂಗಿನ ಮೇಲೆ ತೋಳಿಟ್ಟು ಕೂತ. ರಸ್ತೆ ಕಿರಿದು, ಅವನನ್ನು ದಾಟಿ ಯಾರೂ ಬರುವಂತಿರಲಿಲ್ಲ. ಹಿಂದೆ ಎರಡನೆಯದು ನಿಂತಿತು, ಮೂರನೆಯದು, ಆಮೇಲೆ ಗುಡ್ಡದ ನೆತ್ತಿಯವರೆಗೆ ಸಾಲು. ಹಿಂದಿನವರು ಇಳಿದು ಬಂದು ಬೈದರು. ಹುಚ್ಚು ಹಿಡಿದಿದೆಯೇ ಎಂದರು, ಮೇಲೆ ಹತ್ತಿಸಿಬಿಡುತ್ತೇವೆ ಎಂದರು. ಅತ್ತೆ ಕಾಫಿಗೆ ಸಕ್ಕರೆ ಕಲೆಸುತ್ತಿದ್ದರು.

ಊರ ಗಂಡಸರು ದೂರದಲ್ಲಿ ಗುಂಪು ಕಟ್ಟಿ ಲವಂಗದ ಸಿಗರೇಟು ಸೇದುತ್ತ ನಿಂತರು. ಮೊದಲು ಹತ್ತಿರ ಬಂದವಳು ಒಬ್ಬ ಮುದುಕಿ, ಕೈಯಲ್ಲಿ ಚಾಪೆಯ ಸುರುಳಿ. ಡೇರೆಯ ಪಕ್ಕ ಚಾಪೆ ಹಾಸಿ, ಸೀರೆಯಂಥ ತನ್ನ ಉಡುಗೆಯ ನೆರಿಗೆ ಸರಿಮಾಡಿಕೊಂಡು ಕೂತಳು. ತಾನು ತುಕಿನೆಮ್, ಕರ್ಸೊರೆಜೊ ತನ್ನ ಗಂಡ ಎಂದಳು. ಅತ್ತೆ ತಮ್ಮ ಕಾಫಿಯ ಲೋಟವನ್ನು ಅವಳ ಕೈಗಿಟ್ಟರು. ಅದಾದ ಮೇಲೆ ಒರತೆಯ ಹತ್ತಿರ ಕಂಡಿದ್ದ ಹೆಂಗಸರು ಬಂದರು, ಅವರ ಹಿಂದೆ ಮತ್ತಷ್ಟು ಜನ, ಕಂಕುಳಲ್ಲಿ ಕೂಸು, ಕೈಯಲ್ಲಿ ಬೇಯಿಸಿದ ಗೆಣಸು. ಸೂರ್ಯ ಗುಡ್ಡಕ್ಕೆ ತಾಗುವ ಹೊತ್ತಿಗೆ ನಮ್ಮ ಡೇರೆ ಚಾಪೆಗಳ ನಡುವೆ ಮುಳುಗಿಹೋಗಿತ್ತು.

ಆಗ ಕ್ವಾರಿಯ ಮೇಸ್ತ್ರಿ ಬೈಕಿನಲ್ಲಿ ಬಂದ. ಅವನ ಅಂಗಿಯ ಮೇಲೆ ಒಂದು ಚೂರೂ ಧೂಳಿರಲಿಲ್ಲ, ಆ ದಿನವೆಲ್ಲ ನಾನು ಕಂಡ ಶುಭ್ರವಾದ ಬಟ್ಟೆ ಅದೊಂದೇ. ಮೊದಲು ನಯವಾಗಿ, ಯಾವ ಸಂಘದವರು, ಯಾರು ಕಳಿಸಿದ್ದು ಎಂದು ಕೇಳಿದ. ನನ್ನ ಗಂಡನ ಮೊಣಕಾಲು ಕಳಿಸಿದ್ದು ಎಂದರು ಅತ್ತೆ. ಹೆಂಗಸರು ನಕ್ಕರು. ಅವನ ನಯ ಅರ್ಧ ಹೋಯಿತು. ಆದದ್ದು ಆಯಿತು, ತಪ್ಪು ಯಾರದ್ದೇ ಇರಲಿ, ನಿಮ್ಮ ಅಳಿಯನಿಗೆ ಹೊಸ ಚಕ್ರ ಕೊಡಿಸುತ್ತೇವೆ, ಬೇಕಾದರೆ ಹೊಸ ಸೈಕಲ್ಲೇ ಕೊಡಿಸುತ್ತೇವೆ, ದಾರಿ ಬಿಡಿ ಎಂದ. ನನ್ನ ಕಡೆಗೆ ತಿರುಗಿ, ಗಂಡಸಿಗೆ ಗಂಡಸು ಎಂಬಂತೆ ಕಣ್ಣು ಮಿಟುಕಿಸಿದ.

ನಾನು ಎದ್ದು ನಿಂತೆ. ಯಾಕೆ ಎದ್ದೆ ಎಂದು ನನಗೂ ಗೊತ್ತಿಲ್ಲ.

"ಚಕ್ರ ಬೇಡ ನನಗೆ," ಎಂದೆ. "ಈ ಅಜ್ಜಿ ಮನೆಯವರು ಸತ್ತಾಗ ಅವರ ಸೈಕಲ್ಲಿಗೂ ಚಕ್ರ ಕೊಡಿಸ್ತೀವಿ ಅಂದಿದ್ರಾ?"

ಅತ್ತೆ ತಿರುಗಿ ನನ್ನನ್ನು ನೋಡಿದರು, ಸಂತೆಯಲ್ಲಿ ಪರಿಚಯದವರು ಅನಿರೀಕ್ಷಿತವಾಗಿ ಎದುರಾದರೆ ನೋಡುವ ಹಾಗೆ.

ಮೇಸ್ತ್ರಿಯ ಉಳಿದರ್ಧ ನಯವೂ ಹೋಯಿತು. ಆ ಮುದುಕ ತಾನೇ ಅಡ್ಡ ಬಂದದ್ದು, ಆದರೂ ತಾವು ತಿಥಿಗೆ ಅಕ್ಕಿ ಸಕ್ಕರೆ ಕಳಿಸಿದ್ದೆವು ಎಂದ. ಮತ್ತೆ ಅತ್ತೆಯತ್ತ ಬೆರಳು ಮಾಡಿ, "ನೀವು ಹೊರಗಿನವರು. ನಾಳೆ ಬೆಳಗ್ಗೆ ಸೈಕಲ್ಲು ಹತ್ತಿ ಹೋಗ್ತೀರಿ. ಈ ಊರಿನ ಗಂಡಸರಲ್ಲಿ ಎಷ್ಟು ಜನ ನಮ್ಮಲ್ಲಿ ಕೆಲಸ ಮಾಡ್ತಾರೆ ಗೊತ್ತಾ? ನಿಮಗ್ಯಾಕೆ ಬೇಕು ಇದೆಲ್ಲ?" ಎಂದ.

ಅತ್ತೆ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಹೊರಗಿನವರು ಎಂಬುದು ನಿಜ, ನಾಳೆ ಹೋಗುತ್ತೇವೆ ಎಂಬುದೂ ನಿಜ. ದೂರದ ಗಂಡಸರ ಗುಂಪಿನಲ್ಲಿ ಒಂದಿಬ್ಬರು ತಲೆ ತಗ್ಗಿಸಿದರು. ತುಕಿನೆಮ್ ಅಜ್ಜಿ ಲೋಟವನ್ನು ಚಾಪೆಯ ಮೇಲಿಟ್ಟಳು. ಎದ್ದು ನಿಲ್ಲಲಿಲ್ಲ, ದನಿ ಏರಿಸಲೂ ಇಲ್ಲ.

"ಅವರು ಹೋಗ್ತಾರೆ, ನಾನು ಇರ್ತೀನಲ್ಲ. ನೀವು ಕಳಿಸಿದ ಅಕ್ಕಿ ಬೇಯಿಸಿದ್ದೀನಿ, ಉಂಡಿದ್ದೀನಿ. ಉಂಡ ಋಣ ಅಂತ ಇಷ್ಟು ದಿನ ಸುಮ್ನಿದ್ದೆ. ಈವತ್ತು ಕೂತು ಲೆಕ್ಕ ಹಾಕಿದ್ರೆ ಋಣ ನಂದಲ್ಲಪ್ಪ, ನಿಮ್ಮದು. ನಂ ಯಜಮಾನ್ರು ಅಡ್ಡ ಬರ್ಲಿಲ್ಲ. ಅವರು ಹೋಗ್ತಿದ್ದಿದ್ದು ಅವರ ಊರಿನ ದಾರೀಲಿ."

ಮೇಸ್ತ್ರಿ ಊರ ಮುಖ್ಯಸ್ಥರನ್ನು ಹುಡುಕಿದ. ಸುಮಾರ್ಜೊ ಸಭಾಂಗಣದ ಗೇಟಿನಲ್ಲಿ ನಿಂತಿದ್ದರು. ಇವರನ್ನೆಲ್ಲ ಎಬ್ಬಿಸಿ ಕಳಿಸಿ, ನೀವು ಊರಿನ ಮುಖ್ಯಸ್ಥರಲ್ಲವೇ ಎಂದು ಮೇಸ್ತ್ರಿ ಕೇಳಿದ. ಅವರು ಒಮ್ಮೆ ಲಾರಿಗಳ ಸಾಲನ್ನು, ಒಮ್ಮೆ ಚಾಪೆಗಳನ್ನು ನೋಡಿದರು. ಅವರ ತಮ್ಮನೂ ಕ್ವಾರಿಯಲ್ಲೇ ಕೆಲಸಕ್ಕಿದ್ದ ಎಂದು ಆಮೇಲೆ ಕೇಳಿದೆ. ಕೊನೆಗೆ, ಎಲ್ಲಿ ಬೇಕಾದರೂ ಹಾಕಿಕೊಳ್ಳಿ ಎಂದು ನಾನೇ ಅಪ್ಪಣೆ ಕೊಟ್ಟುಬಿಟ್ಟಿದ್ದೇನಲ್ಲ, ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆ ಎಂದರು. ಹೇಳಿದ್ದು ಗೊಣಗಿದ ಹಾಗೆ. ಆದರೆ ಹೇಳಿಯಾದ ಮೇಲೆ ಬಂದು, ಗಂಡಸರ ಗುಂಪನ್ನು ದಾಟಿ, ಚಾಪೆಯ ಅಂಚಿನಲ್ಲಿ ಕೂತರು.

ಠಾಣೆಯಿಂದ ಒಬ್ಬ ಪೊಲೀಸಿನವರು ಬಂದು ಎರಡೂ ಕಡೆ ಕೇಳಿಸಿಕೊಂಡರು. ಲಾರಿಯ ಹಲಗೆಗಳನ್ನು ಟಾರ್ಚು ಬಿಟ್ಟು ನೋಡಿದರು. ಇಷ್ಟು ಹೊರೆಗೆ ಪರವಾನಗಿ ಎಲ್ಲಿದೆ ಎಂದು ಮೇಸ್ತ್ರಿಯನ್ನು ಕೇಳಿದಾಗ ಅವನು ಫೋನು ಹಿಡಿದು ದೂರ ಹೋದ, ಬಹಳ ಹೊತ್ತು ಅತ್ತಿತ್ತ ನಡೆದಾಡಿದ. ಅವನು ಹಿಂದಿರುಗುವುದಕ್ಕೆ ಮೊದಲೇ ಙಾದಿ ಲಾರಿಯಿಂದ ಇಳಿದು, ಸೀಟಿನಡಿಯಿಂದ ಕಬ್ಬಿಣದ ಸಲಾಕೆ ತೆಗೆದು, ಮೇಲೆ ಹತ್ತಿ ಕಲ್ಲುಗಳನ್ನು ರಸ್ತೆಯಂಚಿಗೆ ಉರುಳಿಸತೊಡಗಿದ. ಕಲ್ಲು ತಗ್ಗಿದ ಮೇಲೆ ಹಲಗೆಗಳನ್ನು ಮೀಟಿ ಕಿತ್ತ. ಮೊಳೆಗಳು ಕಿರುಚಿದವು. ಕಿತ್ತ ಹಲಗೆಯನ್ನು ಕೆಳಗೆ ಎಸೆದಾಗ ಒಬ್ಬ ಹೆಂಗಸು ಅದನ್ನು ಎತ್ತಿ, ಒಳ್ಳೆ ತೇಗ, ವಾರಕ್ಕಾಗುವಷ್ಟು ಸೌದೆ ಎಂದಳು. ಎರಡನೆಯ ಲಾರಿಯವನು ಸ್ವಲ್ಪ ಹೊತ್ತು ಬೈಯುತ್ತ ನೋಡಿದ. ಆಮೇಲೆ ಅವನೂ ಸಲಾಕೆ ತೆಗೆದ. ದೂರದಲ್ಲಿದ್ದ ಗಂಡಸರು ಆಗ ಸಿಗರೇಟು ಎಸೆದು ಕಲ್ಲಿಳಿಸಲು ಬಂದರು. ಮೇಸ್ತ್ರಿ ಹಿಂದಿರುಗುವ ಹೊತ್ತಿಗೆ ಅವನು ಅಪ್ಪಣೆ ಕೊಡಬೇಕಾದ ಕೆಲಸ ಅರ್ಧ ಮುಗಿದಿತ್ತು. ಇನ್ನು ಮೇಲೆ ಲಾರಿಗಳು ಹೋಗುವುದು ಹಲಗೆ ಇಲ್ಲದೆ, ಶಾಲೆಯ ಹೊತ್ತು ಬಿಟ್ಟು, ಊರೊಳಗೆ ನಡಿಗೆಯ ವೇಗದಲ್ಲಿ ಎಂದು ಪೊಲೀಸಿನವರ ಎದುರು ಒಪ್ಪಿಕೊಂಡ. ಒರತೆಯ ನೀರನ್ನು ಲಾರಿಗೆಂದು ಮುಟ್ಟಬಾರದು ಎಂದು ಹೆಂಗಸರು ಸೇರಿಸಿದರು. ಅದನ್ನೂ ಒಪ್ಪಿಕೊಂಡ.

ಡೇರೆಯನ್ನು ನಾವು ಸಭಾಂಗಣದ ಹುಲ್ಲಿಗೆ ಎತ್ತಿಕೊಂಡು ಹೋದೆವು. ಈ ಸಲ ನಾನು ಹೂಡಿದ್ದನ್ನು ಅತ್ತೆ ಬಿಚ್ಚಲಿಲ್ಲ. ಆದರೆ ಗೆದ್ದ ಸಂತೋಷ ಅವರ ಮುಖದಲ್ಲಿ ನಾನು ಹುಡುಕಿದರೂ ಸಿಗಲಿಲ್ಲ. ಒಂದು ಜೀವ ಹೋದಾಗ ಆಗದ್ದು, ನಿನ್ನ ಚಕ್ರ ಸೊಟ್ಟಗಾದಾಗ ಆಯಿತಲ್ಲ, ಇದೆಂಥ ನ್ಯಾಯ ಎಂದರು.

ಮರುದಿನ ಊರಿನ ಸೈಕಲ್ಲು ರಿಪೇರಿಯವನು ಚಕ್ರವನ್ನು ನೆಲಕ್ಕೆ ಹಾಕಿ ಕಾಲಲ್ಲಿ ತುಳಿದು, ಕಡ್ಡಿಗಳನ್ನು ಬಿಗಿದು, ಉರುಳುವಷ್ಟು ನೆಟ್ಟಗೆ ಮಾಡಿಕೊಟ್ಟ. ಸಮುದ್ರ ಕಂಡು ಹಿಂದಿರುಗಿದೆವು. ಅಷ್ಟರಲ್ಲಿ ಯಾರೋ ತೆಗೆದ ಫೋಟೋ ಎಲ್ಲ ಕಡೆ ಹರಡಿ, ಪತ್ರಿಕೆಯೊಂದು 'ಸೈಕಲ್ಲು ಅಜ್ಜಿಯ ಸಾಹಸ' ಎಂದು ಹಾಕಿತ್ತು. ನೆರೆಮನೆಯವರು ಅದನ್ನು ಹಿಡಿದು ಬಂದರು. ಅತ್ತೆ ಪೂರ್ತಿ ಓದಿದರು. ತಮ್ಮ ವಯಸ್ಸು, ತಮ್ಮ ಟೋಪಿಯ ಬಣ್ಣ, ಡೇರೆಯ ಬಣ್ಣ ಎಲ್ಲ ಅದರಲ್ಲಿತ್ತು. ಕರ್ಸೊರೆಜೊ ಎಂಬ ಹೆಸರು ಎಲ್ಲೂ ಇರಲಿಲ್ಲ. ಪತ್ರಿಕೆಯನ್ನು ಮಡಚಿ ಮಾವನ ಮೊಣಕಾಲಿನ ಎಣ್ಣೆ ಬಾಟಲಿಯ ಕೆಳಗೆ ಹಾಸಿದರು. ಅದರಲ್ಲಿರುವ ಒಂದೇ ಉಪಯೋಗ ಇದು ಎಂದರು.

ಮಳೆ ಶುರುವಾಗುವ ಮೊದಲು ಸುಮಾರ್ಜೊ ಫೋನು ಮಾಡಿದರು. ಕೆಲವು ಲಾರಿಗಳಲ್ಲಿ ಹಲಗೆ ಮತ್ತೆ ಕಾಣಿಸಿಕೊಂಡಿದೆ, ಙಾದಿ ಕ್ವಾರಿ ಬಿಟ್ಟು ತರಕಾರಿ ಗಾಡಿ ಓಡಿಸುತ್ತಿದ್ದಾನೆ, ಹೆಂಗಸರು ಎರಡು ದಿನದಿಂದ ಮತ್ತೆ ರಸ್ತೆಯಲ್ಲಿ ಕೂತಿದ್ದಾರೆ, ತಾವೂ ಕೂತಿದ್ದೇವೆ ಎಂದರು. ನಾವು ಬರಬೇಕೇ ಎಂದು ಅತ್ತೆ ಕೇಳಿದರು. ತುಕಿನೆಮ್ ಅಜ್ಜಿಯನ್ನು ಕೇಳಿ ಹೇಳುತ್ತೇನೆ ಎಂದು ಅವರು ಫೋನು ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿ, ಬರಬೇಕೆಂದೇನೂ ಇಲ್ಲವಂತೆ, ಬಂದರೆ ಊಟಕ್ಕೆ ಕಾಯುತ್ತಾರಂತೆ ಎಂದರು.

ಮರುದಿನ ಬೆಳಕು ಹರಿಯುವ ಮೊದಲೇ ನಾನು ಅಂಗಡಿಯ ಬಾಗಿಲಿಗೆ ರಜೆಯ ಚೀಟಿ ಅಂಟಿಸಿ ಬಂದೆ. ಅತ್ತೆ ಅಂಗಳದಲ್ಲಿ ಎರಡೂ ಸೈಕಲ್ಲುಗಳ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು.